ಕಾಯುವ ಸಂಕಟ ಮುಗಿಸಲೆಂದು ನಿರ್ಧಾರ ಮಾಡಬೇಡ, ಮಗಳೇ

ನೀಟ್ ಫಲಿತಾಂಶ ಬಂತು. ರ‍್ಯಾಂಕ್ ಗೊತ್ತಾಯಿತು. ಸರ್ಟಿಫಿಕೇಟುಗಳ ಪರಿಶೀಲನೆಯೂ ಮುಗಿಯಿತು. ಇಷ್ಟಾದರೂ ಸೀಟು ಸಿಗುತ್ತದೋ ಇಲ್ಲವೋ ಎಂದು ನಿನಗೆ ಹೇಳುವವರು ಯಾರೂ ಇಲ್ಲ. ‘ಪರೀಕ್ಷೆಯೇ ವಾಸಿ ಇತ್ತು ಮೇಡಂ, ಇದು ತಡೆಯೋಕಾಗ್ತಿಲ್ಲ’ ಎಂದು ಮೊನ್ನೆ ನೀನು ಅಂದದ್ದು ನನ್ನ ಮನಸ್ಸಿನಲ್ಲೇ ಉಳಿದಿದೆ. ಪರೀಕ್ಷೆಯ ದಿನ ಮಾಡುವುದಕ್ಕೆ ಕೆಲಸವಿತ್ತು. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣವನ್ನು ಮತ್ತೆ ಮತ್ತೆ ತೆರೆಯುವುದೊಂದೇ ಕೆಲಸ. ಅಪ್ಪ ಪೀಣ್ಯ ಎರಡನೇ ಹಂತದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರೇ ‘ಏನಾದ್ರೂ ಬಂತಾ?’ ಅನ್ನುತ್ತಾರೆ. ಅಮ್ಮ ಕೇಳುವುದಿಲ್ಲ, ನಿನ್ನ ಮುಖ ನೋಡುತ್ತಾರೆ. ಎರಡೂ ಒಂದೇ ಭಾರ.

ದಾಸರಹಳ್ಳಿ ಕಡೆಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿಕೊಂಡು ಬಂದವಳು ನಾನು. ಕಾರ್ಖಾನೆ ಕೆಲಸಗಾರರ ಮಕ್ಕಳು, ಟೆಂಪೊ ಓಡಿಸುವವರ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು ಈ ತಿಂಗಳುಗಳನ್ನು ದಾಟಿದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಅದರಿಂದ ನನಗೆ ಖಾತ್ರಿಯಾದದ್ದು ಇಷ್ಟು: ಒಳ್ಳೆಯ ರ‍್ಯಾಂಕ್ ಇದ್ದ ಮಕ್ಕಳೂ ಈ ಹೊತ್ತಿನಲ್ಲಿ ಎಡವುತ್ತಾರೆ, ಕಾಯುವುದು ಮುಗಿದರೆ ಸಾಕು ಎಂದು ಏನೋ ಒಂದನ್ನು ನಿರ್ಧರಿಸಿಬಿಡುತ್ತಾರೆ. ಯಾವುದೇ ಹೆಜ್ಜೆ ಇಡುವ ಮೊದಲು ನಿನ್ನನ್ನೇ ಕೇಳಿಕೋ: ಇದರಿಂದ ನನಗೆ ನಿಜವಾದ ಲಾಭವಿದೆಯೋ, ಅಥವಾ ಬರೀ ಕಾಯುವುದು ತಪ್ಪುತ್ತದೆಯೋ? ಬರೀ ಕಾಯುವುದು ತಪ್ಪುತ್ತದೆ ಅನ್ನುವುದಾದರೆ ಆ ಹೆಜ್ಜೆ ಇಡಬೇಡ.

ಮೊದಲು, ಇಷ್ಟು ತಡ ಯಾಕೆ ಎಂದು ತಿಳಿದುಕೋ. ಕಾರಣ ಗೊತ್ತಾದರೆ ‘ನನಗೆ ಮಾತ್ರ ಹೀಗೆ’ ಎನ್ನುವ ನೋವು ಅರ್ಧ ಇಳಿಯುತ್ತದೆ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟುಗಳನ್ನು ಅಖಿಲ ಭಾರತ ಕೋಟಾದಲ್ಲಿ ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಹಂಚುತ್ತದೆ. ಉಳಿದ ಶೇ 85 ನಮ್ಮ ಕೆಇಎ ಕೈಯಲ್ಲಿದೆ. ಅವರ ಸುತ್ತು ಮುಗಿಯದೆ ಇವರ ಸುತ್ತು ಪೂರ್ತಿಯಾಗುವುದಿಲ್ಲ. ಅಲ್ಲಿ ಸೀಟು ಪಡೆದವರು ಇಲ್ಲಿ ಬಿಟ್ಟುಕೊಟ್ಟದ್ದು ಮುಂದಿನವರಿಗೆ ಬರಬೇಕು. ಯಾವ ಕಾಲೇಜಿಗೆ ಎಷ್ಟು ಸೀಟು ಎಂಬುದಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಒಪ್ಪಿಗೆ ಬೇಕು. ಖಾಸಗಿ ಕಾಲೇಜುಗಳ ಶುಲ್ಕ ಎಷ್ಟೆಂದು ಸರ್ಕಾರ ಮತ್ತು ಆಡಳಿತ ಮಂಡಳಿಗಳ ನಡುವೆ ಮಾತುಕತೆ ಮುಗಿಯಬೇಕು. ಇವುಗಳ ಮಧ್ಯೆ ನ್ಯಾಯಾಲಯದಲ್ಲಿ ಒಂದು ಅರ್ಜಿ ಬಿದ್ದರೆ ಎಲ್ಲವೂ ನಿಂತುಬಿಡುತ್ತದೆ.

2024ರಲ್ಲಿ ನಿನ್ನ ಅಕ್ಕಂದಿರ ವಯಸ್ಸಿನವರು ಪಟ್ಟ ಪಾಡು ನೆನಪಿಸಿಕೋ. ಮೇ 5ಕ್ಕೆ ಪರೀಕ್ಷೆ, ಜೂನ್ 4ಕ್ಕೆ ಫಲಿತಾಂಶ. 67 ಮಂದಿಗೆ 720ಕ್ಕೆ 720. ಪ್ರಶ್ನೆಪತ್ರಿಕೆ ಸೋರಿಕೆಯ ದೂರು, 1,563 ಮಂದಿಗೆ ಕೊಟ್ಟ ಕೃಪಾಂಕದ ಗಲಾಟೆ, ಜೂನ್ 23ರಂದು ಅವರಿಗೆ ಮರುಪರೀಕ್ಷೆಯ ಅವಕಾಶ. ಇಡೀ ಪರೀಕ್ಷೆಯೇ ರದ್ದಾದೀತು ಎಂಬ ಭಯದಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ಜುಲೈವರೆಗೆ ಕೂತರು. ರದ್ದು ಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಜುಲೈ 23ಕ್ಕೆ, ಪರಿಷ್ಕೃತ ಫಲಿತಾಂಶ ಬಂದದ್ದು ಜುಲೈ 26ಕ್ಕೆ. ಕೊರೊನಾ ವರ್ಷದಲ್ಲಂತೂ ಪರೀಕ್ಷೆಯೇ ಸೆಪ್ಟೆಂಬರ್ 13ಕ್ಕೆ ನಡೆಯಿತು. ಆ ಮಕ್ಕಳಲ್ಲಿ ಎಷ್ಟೋ ಮಂದಿ ಈಗ ವಾರ್ಡುಗಳಲ್ಲಿ ರೋಗಿಗಳನ್ನು ನೋಡುತ್ತಿದ್ದಾರೆ.

ಈ ಪಟ್ಟಿ, ಈ ಸುತ್ತುಗಳು ನಿನ್ನಂಥವರ ರಕ್ಷಣೆಗೆ ಬಂದವು ಎಂಬುದನ್ನೂ ಹೇಳಬೇಕು. ನಮ್ಮ ಕಾಲದಲ್ಲಿ ಕ್ಯಾಪಿಟೇಶನ್ ಎಂಬ ಪದ ಮನೆಮನೆಗೂ ಗೊತ್ತಿತ್ತು. ಅದನ್ನು ನಿಷೇಧಿಸಲು ಕರ್ನಾಟಕ 1984ರಲ್ಲೇ ಕಾನೂನು ತಂದಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000, ಹೊರಗಿನವರಾದರೆ 60,000 ಇತ್ತು. ತುಮಕೂರಿನ ಕಾಲೇಜಿಗೆ ಸೇರಲು ಬಂದ ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ಹುಡುಗಿ ಇದನ್ನು ಪ್ರಶ್ನಿಸಿದಳು. 1992ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಪರ ನಿಂತಿತು. ಮರುವರ್ಷ, ಖಾಸಗಿ ಕಾಲೇಜಿನ ಪ್ರವೇಶಕ್ಕೂ ಅರ್ಹತೆಯೇ ಆಧಾರವಾಗಬೇಕೆಂದ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಬೆನ್ನಿಗೇ, 1994ರಲ್ಲಿ, ನಮ್ಮಲ್ಲಿ ಸಿಇಟಿ ಸೆಲ್ ಹುಟ್ಟಿತು. ಅದೇ ಇವತ್ತಿನ ಕೆಇಎ. ದುಡ್ಡಿನ ಚೀಲ ಹಿಡಿದು ಟ್ರಸ್ಟಿಗಳ ಮನೆ ಬಾಗಿಲಲ್ಲಿ ಕಾಯುವುದಕ್ಕೂ ಮಲ್ಲೇಶ್ವರದ ಕಚೇರಿಯ ಪಟ್ಟಿಗೆ ಕಾಯುವುದಕ್ಕೂ ಅಜಗಜಾಂತರವಿದೆ. ಹಿಂದೆ ಸೇಂಟ್ ಜಾನ್ಸ್‌ನಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ ಸಂದರ್ಶನವಿತ್ತು. ಅಮೆರಿಕದಲ್ಲಿ ಈಗಲೂ ಇದೆ. ಸಂದರ್ಶನ ಕೊಟ್ಟವರಿಗೆ ‘ನಾನು ಆ ಮಾತು ಆಡಬಾರದಿತ್ತೇನೋ’ ಎಂಬ ಕೊರಗು ತಿಂಗಳುಗಟ್ಟಲೆ ಇರುತ್ತದೆ. ನಿನಗೆ ಆ ಕೊರಗಿಲ್ಲ. ನಿನ್ನ ರ‍್ಯಾಂಕ್ ಯಾರ ಮರ್ಜಿಯಿಂದಲೂ ಬದಲಾಗುವುದಿಲ್ಲ.

ಬದಲಾಗುವುದು, ನಿನ್ನ ಕೈಯಲ್ಲಿರುವುದು, ಆಪ್ಷನ್ ಎಂಟ್ರಿ. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡುತ್ತೇನೆ, ಯಾಕೆಂದರೆ ಹೆಚ್ಚಿನ ಅನಾಹುತ ಇಲ್ಲೇ ಆಗುತ್ತದೆ. ‘ಬೆಂಗಳೂರು ಮೆಡಿಕಲ್ ಕಾಲೇಜನ್ನು ಮೇಲೆ ಹಾಕಿದರೆ, ಅದು ಸಿಗದೆ ಹೋಗಿ ಕೆಳಗಿನದೂ ತಪ್ಪಿಹೋಗುತ್ತದೆ’ ಎಂದು ನಿನ್ನ ಗೆಳತಿ ಹೇಳಿದಳಂತೆ. ಅದು ಸುಳ್ಳು. ನಿನ್ನ ಸರದಿ ಬಂದಾಗ ನೀನು ಬರೆದ ಕ್ರಮದಲ್ಲಿ ಮೇಲಿನಿಂದ ನೋಡುತ್ತಾ ಬಂದು, ಸಿಗಬಹುದಾದ ಮೊದಲನೆಯದನ್ನು ಕೊಡುತ್ತಾರೆ. ಮೇಲಿನದು ಸಿಗಲಿಲ್ಲವೆಂದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಆದ್ದರಿಂದ ಕಳೆದ ವರ್ಷ ಎಷ್ಟಕ್ಕೆ ನಿಂತಿತು ಎಂಬ ಲೆಕ್ಕಕ್ಕೆ ಹೆದರದೆ, ನಿನಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆ. ಹಾಗೆಯೇ, ಸಿಕ್ಕರೆ ಸೇರಲಾರೆ ಎನ್ನುವ ಕಾಲೇಜನ್ನು ಬರೆಯಲೇಬೇಡ. ನಂತರದ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕಿತೆಂದರೆ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ. ಆಮೇಲೆ ‘ನನಗೆ ಹಳೆಯದೇ ಇರಲಿ’ ಅನ್ನಲು ಬರುವುದಿಲ್ಲ.

ಖಾಸಗಿ ಕಾಲೇಜು ಬರೆಯುವಾಗ ಕಾಲೇಜಿನ ಹೆಸರಿನಷ್ಟೇ ಸೀಟಿನ ಬಗೆಯನ್ನೂ ನೋಡು. ಸರ್ಕಾರಿ ಕೋಟಾದ ಸೀಟಿಗೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಟ್ಟಡದ, ಅದೇ ಬೆಂಚಿನ ಖಾಸಗಿ ಕೋಟಾ ಸೀಟಿಗೆ ಹತ್ತು ಲಕ್ಷ ಮೀರುತ್ತದೆ. ನಾಲ್ಕೂವರೆ ವರ್ಷಕ್ಕೆ ಲೆಕ್ಕ ಹಾಕು. ಒಂದು ಸಾಲು ತಪ್ಪಿ ಬರೆದರೆ ಅಪ್ಪ ಊರಿನ ಹೊಲಕ್ಕೆ ಗಿರಾಕಿ ಹುಡುಕಬೇಕಾಗುತ್ತದೆ.

ಆಪ್ಷನ್ ಬರೆದ ಮೇಲೆ ಅಣಕು ಸೀಟು ಹಂಚಿಕೆ ಬರುತ್ತದೆ. ಅದನ್ನು ತೀರ್ಪು ಎಂದುಕೊಂಡು ಅಳುವವರನ್ನು ಕಂಡಿದ್ದೇನೆ, ಸಿಹಿ ಹಂಚಿದವರನ್ನೂ ಕಂಡಿದ್ದೇನೆ. ಎರಡೂ ಬೇಡ. ಅದು ನಿನ್ನ ಕ್ರಮವನ್ನು ತಿದ್ದಿಕೊಳ್ಳಲು ಕೊಟ್ಟ ಅವಕಾಶ, ಅಷ್ಟೇ. ನಿಜವಾದ ಮೊದಲ ಸುತ್ತಿನ ನಂತರ ಛಾಯ್ಸ್ ಕೇಳುತ್ತಾರೆ. ಛಾಯ್ಸ್ 1 ಎಂದರೆ ಇದೇ ಸಾಕು, ಸೇರುತ್ತೇನೆ. ಛಾಯ್ಸ್ 2 ಎಂದರೆ ಇದು ಇರಲಿ, ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ಪ್ರಯತ್ನಿಸುತ್ತೇನೆ. ಛಾಯ್ಸ್ 3 ಎಂದರೆ ಇದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುತ್ತೇನೆ. 4 ಎಂದರೆ ಹೊರಗೆ. ಯಾವ ಸುತ್ತಿನಲ್ಲಿ ಯಾವುದು ಲಭ್ಯ, ಯಾವಾಗ ಶುಲ್ಕ ಕಟ್ಟಬೇಕು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆಯಾ ವರ್ಷದ ಪ್ರಕಟಣೆಯನ್ನೇ ಓದಬೇಕು.

ವೈಟ್‌ಫೀಲ್ಡ್ ಕಡೆಯ ಒಬ್ಬ ಹುಡುಗ, ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರ್ ಕಂಪನಿಯವರು, ಮೊದಲ ಸುತ್ತಿನಲ್ಲಿ ದೂರದ ಜಿಲ್ಲೆಯ ಕಾಲೇಜು ಸಿಕ್ಕ ಕೂಡಲೇ ಛಾಯ್ಸ್ 1 ಒತ್ತಿದ. ‘ಇನ್ನೊಂದು ತಿಂಗಳು ಈ ಟೆನ್ಷನ್ ಆಗಲ್ಲ ಮೇಡಂ’ ಅಂದ. ಎರಡನೇ ಸುತ್ತಿನಲ್ಲಿ ಅವನಿಗೆ ಬೇಕಾಗಿದ್ದ ಬೆಂಗಳೂರಿನ ಕಾಲೇಜು ಅವನಿಗಿಂತ ಹಿಂದಿನ ರ‍್ಯಾಂಕಿನವರಿಗೆ ಸಿಕ್ಕಿತು. ಅವನ ಕೈಯಲ್ಲಿದ್ದ ಸೀಟು ಛಾಯ್ಸ್ 2ರಲ್ಲೂ ಭದ್ರವಾಗಿಯೇ ಇರುತ್ತಿತ್ತು. ಅವನು ಚೆನ್ನಾಗಿಯೇ ಓದುತ್ತಿದ್ದಾನೆ, ಅದು ಬೇರೆ ಮಾತು. ಆದರೆ ಒಂದು ತಿಂಗಳ ತಳಮಳಕ್ಕೆ ಅವನು ಕೊಟ್ಟ ಬೆಲೆ ಜಾಸ್ತಿಯಾಯಿತು.

ಇನ್ನು ಬ್ರೋಕರುಗಳು. ರ‍್ಯಾಂಕ್ ಬಂದ ವಾರದಿಂದಲೇ ನಿನ್ನ ನಂಬರಿಗೆ ಕರೆ ಬರುತ್ತಿವೆ ಎಂದೆಯಲ್ಲ, ಅವರು ಮಾರುವುದು ಸೀಟನ್ನಲ್ಲ, ‘ಇನ್ನು ಕಾಯಬೇಕಿಲ್ಲ’ ಎಂಬ ಮಾತನ್ನು. ಎಂಬಿಬಿಎಸ್ ಸೀಟು ಕೌನ್ಸೆಲಿಂಗ್ ಮೂಲಕವಲ್ಲದೆ ಸಿಗುವುದಿಲ್ಲ. ಖಾಸಗಿ ಕೋಟಾಕ್ಕೂ ನೀಟ್ ಬೇಕು, ಪಟ್ಟಿ ಬೇಕು. ಅಡ್ವಾನ್ಸ್ ಕೊಡಿ ಎಂದವರ ಕರೆಯನ್ನು ಅಲ್ಲಿಗೇ ನಿಲ್ಲಿಸು. ಲಾಗಿನ್, ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡ, ಸೈಬರ್ ಸೆಂಟರಿನ ಹುಡುಗನಿಗೂ ಬೇಡ. 2024ರಲ್ಲಿ ಎಂಜಿನಿಯರಿಂಗ್ ಸೀಟು ಬ್ಲಾಕ್ ಮಾಡಿದ ಪ್ರಕರಣದಲ್ಲಿ ಮಲ್ಲೇಶ್ವರದ ಪೊಲೀಸರು ಹಲವರನ್ನು ಬಂಧಿಸಿದರು. ಅಲ್ಲಿ ದುರ್ಬಳಕೆಯಾದದ್ದು ವಿದ್ಯಾರ್ಥಿಗಳ ಇಂಥ ಮಾಹಿತಿಯೇ.

ನಿನ್ನ ಮನೆಗೆ ಅನ್ವಯಿಸುವ ಒಂದು ವಿಷಯವನ್ನು ಪೀಣ್ಯದ ಎಷ್ಟೋ ತಂದೆತಾಯಿಗಳು ಕೇಳಿಯೇ ಇಲ್ಲ. ಅಪ್ಪನ ಸಂಬಳದಲ್ಲಿ ಪ್ರತಿ ತಿಂಗಳು ಇಎಸ್‌ಐ ಹಿಡಿಯುತ್ತಾರಲ್ಲ, ಆ ವಿಮಾದಾರರ ಮಕ್ಕಳಿಗೆ ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳಲ್ಲಿ ಪ್ರತ್ಯೇಕ ಸೀಟುಗಳಿವೆ. ನಮ್ಮ ರಾಜಾಜಿನಗರದಲ್ಲಿ ಒಂದು ಕಾಲೇಜಿದೆ, ಕಲಬುರಗಿಯಲ್ಲಿ ಇನ್ನೊಂದು. ಬೇರೆ ರಾಜ್ಯಗಳಲ್ಲೂ ಇವೆ. ಇದಕ್ಕೆ ವಿಮಾದಾರರ ಮಗಳು ಎಂಬ ಪ್ರಮಾಣಪತ್ರ ಬೇಕು; ಅದಕ್ಕೆ ಇಎಸ್‌ಐಸಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು, ವಂತಿಗೆಯ ಅವಧಿಯ ಷರತ್ತುಗಳಿವೆ, ಕೊನೆಯ ದಿನಾಂಕವೂ ಇದೆ. ಮುಖ್ಯವಾದದ್ದು, ಈ ಸೀಟುಗಳನ್ನು ಹಂಚುವುದು ಕೆಇಎ ಅಲ್ಲ, ಎಂಸಿಸಿ. ಅಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಕೆಇಎಯಲ್ಲಿ ನೋಂದಾಯಿಸಿದ್ದೇವೆ, ಸಾಕು ಎಂದು ಕೂತವರಿಗೆ ಈ ಬಾಗಿಲು ತೆರೆಯುವುದಿಲ್ಲ. ಅಪ್ಪ ಒಂದು ದಿನ ರಜೆ ಹಾಕಲಿ, ಬಿನ್ನಿಪೇಟೆಯ ಇಎಸ್‌ಐಸಿ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬರಲಿ.

ಉಳಿದದ್ದು ನಿನ್ನ ದಿನಗಳ ವಿಷಯ. ಕೆಇಎ ಜಾಲತಾಣವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡು. ಕಟ್-ಆಫ್ ಭವಿಷ್ಯ ಹೇಳುವ ಟೆಲಿಗ್ರಾಂ ಗುಂಪುಗಳಿಂದ ಹೊರಗೆ ಬಾ. ‘ಸೀಟ್ ಸಿಕ್ತಾ?’ ಎಂದು ಕೇಳುವ ನೆಂಟರಿಗೆ ‘ಸಿಕ್ಕಿದ ದಿನ ನಾವೇ ಫೋನ್ ಮಾಡ್ತೀವಿ’ ಎಂದು ಅಮ್ಮ ಹೇಳಲಿ, ಆ ಉತ್ತರ ನಿನ್ನ ಬಾಯಿಂದ ಬರಬೇಕಿಲ್ಲ. ಅಮ್ಮ ಬಿಪಿ ಮಾತ್ರೆಗೆಂದು ಇಎಸ್‌ಐ ಆಸ್ಪತ್ರೆಗೆ ಹೋಗುವ ದಿನ ನೀನೂ ಜೊತೆಗೆ ಹೋಗು. ಒಪಿಡಿ ಸಾಲಿನಲ್ಲಿ ನಿಂತವರನ್ನು, ಬೆರಳು ಜಜ್ಜಿಸಿಕೊಂಡು ಬಂದ ಪ್ರೆಸ್ ಆಪರೇಟರನ್ನು, ಒಂದರ ಹಿಂದೆ ಒಂದರಂತೆ ಅವರನ್ನೆಲ್ಲ ನೋಡುವ ಡಾಕ್ಟರನ್ನು ಗಮನಿಸು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನೀನು. ಅನಾಟಮಿಯ ಪದಗಳು ಮೊದಲ ವರ್ಷ ಕಾಡುತ್ತವೆ. ಡಾ. ಡಿ.ಎಸ್. ಶಿವಪ್ಪನವರು ವೈದ್ಯಕೀಯ ಪದಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು ಗ್ರಂಥಾಲಯದಲ್ಲಿ ಸಿಕ್ಕರೆ ತಂದು ಓದು. ಡಾ. ಅನುಪಮಾ ನಿರಂಜನರ ‘ತಾಯಿ–ಮಗು’ ನನ್ನ ಕಪಾಟಿನಲ್ಲಿದೆ, ಬಂದು ತೆಗೆದುಕೊಂಡು ಹೋಗು.

ನಿದ್ದೆ ಬಾರದೆ ಎರಡು ಮೂರು ರಾತ್ರಿ ಸಾಲಾಗಿ ಕಳೆದರೆ, ಬದುಕೇ ಬೇಡ ಎನಿಸಿದರೆ, ಒಬ್ಬಳೇ ನುಂಗಿಕೊಳ್ಳಬೇಡ. ನನ್ನ ಬಾಗಿಲು ತಟ್ಟು, ಎಷ್ಟು ಹೊತ್ತಾದರೂ ಸರಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್‌ನವರು ಹಗಲಿರುಳು ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್‌ನವರೇ ಅದಕ್ಕೆ ಹಿಂದೆ ನಿಂತಿದ್ದಾರೆ.

ಈ ಸಲ ಸೀಟು ಸಿಗದೆಯೂ ಹೋಗಬಹುದು. ಸಿಕ್ಕೇ ಸಿಗುತ್ತದೆ ಎಂದು ಸುಳ್ಳು ಧೈರ್ಯ ಹೇಳಲು ನನಗೆ ಇಷ್ಟವಿಲ್ಲ. ಹಾಗಾದರೆ ಇನ್ನೊಂದು ವರ್ಷ ಓದುವುದೋ, ಬಿಡಿಎಸ್, ಆಯುರ್ವೇದ, ನರ್ಸಿಂಗ್ ಕಡೆ ಹೋಗುವುದೋ ಎಂಬುದು ದೊಡ್ಡ ಪ್ರಶ್ನೆ. ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿಯಿಲ್ಲ, ಮತ್ತೆ ಬರೆಯಲು ಅಡ್ಡಿಯಿಲ್ಲ. ಆದರೆ ಆ ಪ್ರಶ್ನೆ ಕೊನೆಯ ಸುತ್ತು ಮುಗಿದ ಮೇಲೆ ಬರಲಿ. ಇವತ್ತೇ ಅದನ್ನು ಎದುರಿಗಿಟ್ಟುಕೊಂಡು ಅಪ್ಪನ ಜೊತೆ ಜಗಳ ಬೇಡ.

ಪಟ್ಟಿ ಬಂದ ದಿನ, ಏನೇ ಸಿಕ್ಕಿರಲಿ, ಕೂಡಲೇ ಛಾಯ್ಸ್ ಒತ್ತಬೇಡ. ಕೊನೆಯ ದಿನಾಂಕ ಯಾವುದೆಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸು. ಅಪ್ಪನ ಶಿಫ್ಟ್ ಮುಗಿಯಲಿ, ಅಮ್ಮ ಬರಲಿ, ಮೂವರೂ ಕೂತು ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಆಮೇಲೆ ಒತ್ತು.