ರೇಗರ್ ಅಂದರೆ ನಮ್ಮ ಎರಿ ಮಣ್ಣು

ಈ ಸಲ ಒಂದು ಅಪರೂಪದ ಇಂಗ್ಲಿಷ್ ಶಬ್ದದ ಬಗ್ಗೆ ಬರೆಯುತ್ತೇನೆ.

ಕಿರುಪರೀಕ್ಷೆಯಲ್ಲಿ ‘ರೇಗರ್’ ಶಬ್ದದ ಅರ್ಥ ಕೇಳಿದ್ದರು. ನಾನು ‘ದಿನಾಲೂ, ತಪ್ಪದೇ’ ಅಂತ ಬರೆದೆ. ಯಾಕಂದ್ರ ಅದರ ಸ್ಪೆಲಿಂಗು ಆರ್, ಇ, ಜಿ, ಯು, ಆರ್. ‘ರೆಗ್ಯುಲರ್’ ಶಬ್ದದ ಮೊದಲ ನಾಲ್ಕು ಅಕ್ಷರನೂ ಅವೇ. ಅಂಕ ಸೊನ್ನೆ ಬಂತು. ಎಲ್ಲರೂ ನಕ್ಕರು. ಇಂಗ್ಲಿಷ್ ನಮ್ಮಂಥ ಹಳ್ಳಿ ಹುಡುಗರಿಗಲ್ಲ ಅನ್ನಿಸಿತು. ಆಮೇಲೆ ಗುರುಗಳು ನಿಘಂಟು ಕೈಗೆ ಕೊಟ್ಟು, “ನೀನೇ ಹುಡುಕು” ಅಂದರು. ಹುಡುಕಿದೆ.

ಅರ್ಥ: ರೇಗರ್ ಅಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು. ಅಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ನಾವು ದಿನಾ ತುಳಿಯುವ ಎರಿ ಮಣ್ಣು! ಮಳಿಗಾಲದಾಗ ಚಪ್ಪಲಿಗೆ ಸೇರುಗಟ್ಟಲೆ ಅಂಟುವುದೂ ಇದೇ.

ಹುಟ್ಟು: ಈ ಶಬ್ದ ಇಂಗ್ಲೆಂಡಿನಲ್ಲಿ ಹುಟ್ಟಿಲ್ಲ. ತೆಲುಗಿನಲ್ಲಿ ಈ ಮಣ್ಣಿಗೆ ರೇಗಡ, ರೇಗಡಿ ಅನ್ನುತ್ತಾರೆ. ಅದೇ ಇಂಗ್ಲಿಷರ ಬಾಯಲ್ಲಿ ರೇಗರ್ ಆಯಿತು. ಮದ್ರಾಸ್ ಸೈನ್ಯದ ಅಧಿಕಾರಿ ನ್ಯೂಬೋಲ್ಡ್ 19ನೇ ಶತಮಾನದಲ್ಲೇ ಈ ಮಣ್ಣಿನ ಮೇಲೆ ಲೇಖನ ಬರೆದಿದ್ದರು. ರಷ್ಯಾದ ಕಪ್ಪು ಮಣ್ಣಿನ ಹೆಸರೂ ಹೀಗೇ. ‘ಚೆರ್ನೋಜೆಮ್’ ರಷ್ಯನ್ ಮಾತು, ಇಂಗ್ಲಿಷ್ ಪುಸ್ತಕದಲ್ಲೂ ಅದೇ ಹೆಸರು.

ಗುಣ: ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದಲ್ಲಿ ಲಾವಾರಸ ಹರಿದು ಕಲ್ಲಾಯಿತು. ದಖ್ಖನದ ಕಪ್ಪು ಮಣ್ಣು ಬಹುಪಾಲು ಆ ಕಲ್ಲು ಸವೆದು ಆದದ್ದು. ಇದು ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಸೀಳಿದ್ದು ನೋಡಿ ನಾನು ಹೊಲ ಕೆಟ್ಟಿತು ಅಂದುಕೊಂಡಿದ್ದೆ. ನಮ್ಮ ಮುತ್ಯಾ ಬಿರುಕಿನೊಳಗೆ ಕೋಲು ಇಳಿಸಿದ. ಮೊಳದಷ್ಟು ಒಳಗೆ ಹೋಯಿತು. “ಕೆಟ್ಟಿಲ್ಲೋ ತಮ್ಮಾ. ಮ್ಯಾಲಿನ ಮಣ್ಣು ಒಳಗ ಬೀಳ್ತದ, ಮಳಿ ಆದ್ರ ಒಳಗಿಂದು ಮ್ಯಾಲ ಬರ್ತದ. ಇದು ತನ್ನ ತಾನೇ ಹರಗಿಕೊಳ್ಳೋ ಹೊಲ” ಅಂದ.

ವಿಜ್ಞಾನಿಗಳು ಇಂಥ ಮಣ್ಣಿಗೆ ‘ವರ್ಟಿಸಾಲ್’ ಅನ್ನುತ್ತಾರೆ. ಲ್ಯಾಟಿನ್ ಭಾಷೆಯ ‘ತಿರುಗಿಸು’ ಎಂಬ ಅರ್ಥದ ಶಬ್ದದಿಂದ ಆ ಹೆಸರು ಬಂದಿದೆ. ಶಾಲೆ ಕಟ್ಟೆ ಹತ್ತದ ಮುತ್ಯಾ ಹೇಳಿದ್ದೂ ಅದೇ ನೋಡ್ರಿ!

ಉಪಯೋಗ: ಈ ಮಣ್ಣು ತೇವ ಹಿಡಿದಿಡುತ್ತದೆ. ಅದಕ್ಕೇ ಮಳೆ ನಿಂತ ಮೇಲೂ ಹಿಂಗಾರಿ ಜೋಳ, ಕಡಲೆ ಬೆಳೆಯುತ್ತವೆ. ನಮ್ಮ ಜಿಲ್ಲೆಯ ತೊಗರಿಯೂ ಈ ಮಣ್ಣಿನದೇ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಮಿತ್ರರೇ, ನಾನು ಹೆದರಿದ ಶಬ್ದ ನಮ್ಮ ಹೊಲದಾಗೇ ಬಿದ್ದಿತ್ತು. ಆದ್ದರಿಂದ ಇಂಗ್ಲಿಷ್ ಶಬ್ದ ಕಂಡ ಕೂಡಲೇ ಹೆದರಬೇಡಿ. ಅದರ ಬೇರು ಎಲ್ಲಿದೆ ಹುಡುಕಿರಿ.

ನಿಮಗೊಂದು ಪ್ರಶ್ನೆ: ಎರಿ, ಮಸಾರಿ ಬಿಟ್ಟು ಮಣ್ಣಿಗೆ ಇನ್ನೆಷ್ಟು ಹೆಸರಿವೆ? ಮನೆಯಲ್ಲಿ ಮುತ್ಯಾ, ಆಯಿಯನ್ನು ಕೇಳಿ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.