ಸುವಾಸನಾ ಹುಲ್ಲುಗಳಲ್ಲಿ ಕಟಾವಿನ ಕಾಲ ಮತ್ತು ಎಣ್ಣೆಯ ಇಳುವರಿ

ತುಮಕೂರು ತಾಲ್ಲೂಕಿನ ಬೆಳ್ಳಾವಿ ಸುತ್ತಿನ ಕೆಂಪು ಮರಳುಮಿಶ್ರಿತ ಗೋಡು ಮಣ್ಣಿನಲ್ಲಿ ರಾಗಿ, ನೆಲಗಡಲೆ, ತೆಂಗು ಪರಿಚಿತ ಬೆಳೆಗಳು. ನೀರಿನ ಆಸರೆ ಅಷ್ಟಾಗಿ ಇಲ್ಲದ ಕಡೆಗಳಲ್ಲಿ ನಿಂಬೆಹುಲ್ಲು ಮತ್ತು ಪಾಮರೋಸಾ ಹುಲ್ಲನ್ನೂ ಬೆಳೆಯಬಹುದು. ಒಮ್ಮೆ ನಾಟಿ ಮಾಡಿದರೆ ನಾಲ್ಕೈದು ವರ್ಷ ಬೆಳೆ ನಿಲ್ಲುತ್ತದೆ. ದನಕರುಗಳ ಕಾಟವೂ ಕಡಿಮೆ. ಆದರೆ ಇವುಗಳಲ್ಲಿ ರೈತನಿಗೆ ಹಣ ತರುವುದು ಎಣ್ಣೆಯೇ ಹೊರತು ಹುಲ್ಲಿನ ತೂಕವಲ್ಲ. ಆದುದರಿಂದ ಕುಡುಗೋಲು ಹಾಕುವ ದಿನವನ್ನು ಅರಿತು ಗೊತ್ತುಪಡಿಸಬೇಕು.

ಎಲೆಯಲ್ಲಿ ಎಣ್ಣೆ ಕೂಡುವ ಬಗೆ

ನಿಂಬೆಹುಲ್ಲಿನ ಎಣ್ಣೆ ಎಲೆಯೊಳಗಿನ ವಿಶೇಷ ಜೀವಕೋಶಗಳಲ್ಲಿ ಸಂಗ್ರಹವಾಗಿರುತ್ತದೆ. ಎಳೆಯದಾಗಿ ಬೇಗ ಬೇಗ ಅಗಲವಾಗುತ್ತಿರುವ ಎಲೆಯಲ್ಲಿ ಎಣ್ಣೆ ತಯಾರಾಗುವ ಕ್ರಿಯೆ ಚುರುಕಾಗಿರುತ್ತದೆ. ಎಲೆ ಬಲಿತಂತೆ ಈ ಕ್ರಿಯೆ ಕುಂದುತ್ತದೆ, ತೂಕಕ್ಕೆ ಹೋಲಿಸಿದರೆ ಎಣ್ಣೆಯ ಪ್ರಮಾಣವೂ ಇಳಿಯುತ್ತದೆ. ತುದಿ ಒಣಗಿದ ಎಲೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಒಂದು ಲೆಕ್ಕ ನೋಡೋಣ. ಸಕಾಲದಲ್ಲಿ ಕೊಯ್ದ 10 ಟನ್ ಹುಲ್ಲಿನಲ್ಲಿ ಶೇಕಡ 0.4ರಷ್ಟು ಎಣ್ಣೆ ಇದೆ ಎಂದಿಟ್ಟುಕೊಂಡರೆ 40 ಕಿಲೋಗ್ರಾಂ ದೊರೆಯುತ್ತದೆ. ಇನ್ನಷ್ಟು ಬೆಳೆಯಲಿ ಎಂದು ಬಿಟ್ಟು 12 ಟನ್ ಆದಾಗ ಎಣ್ಣೆ ಶೇಕಡ 0.3ಕ್ಕೆ ಇಳಿದರೆ ದೊರೆಯುವುದು 36 ಕಿಲೋಗ್ರಾಂ ಮಾತ್ರ. ಎರಡು ಟನ್ ಹೆಚ್ಚಿನ ಹುಲ್ಲನ್ನು ಕೊಯ್ಯುವ ಕೂಲಿ, ಸಾಗಿಸುವ ಗಾಡಿ, ಬೇಯಿಸುವ ಸೌದೆ ಎಲ್ಲವೂ ನಷ್ಟದ ಬಾಬ್ತಿಗೇ ಸೇರುತ್ತವೆ.

ನಿಂಬೆಹುಲ್ಲಿನ ಕಟಾವು

ಜೂನ್-ಜುಲೈನಲ್ಲಿ ಸಸಿ ನಾಟಿ ಮಾಡಿದ ಬೆಳೆ ಸುಮಾರು ನಾಲ್ಕು ತಿಂಗಳಲ್ಲಿ ಮೊದಲ ಕಟಾವಿಗೆ ಬರುತ್ತದೆ. ಅನಂತರ 75ರಿಂದ 90 ದಿನಗಳಿಗೊಮ್ಮೆ ಕೊಯ್ಯಬಹುದು. ನೀರಾವರಿ ಇದ್ದರೆ ವರ್ಷಕ್ಕೆ ಮೂರು-ನಾಲ್ಕು ಕಟಾವು ಸಾಧ್ಯ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುವುದರಿಂದ ಅಂತರವನ್ನು ಹೆಚ್ಚಿಸಬೇಕು. ಹುಲ್ಲನ್ನು ನೆಲದಿಂದ 10-15 ಸೆಂಟಿಮೀಟರ್ ಬಿಟ್ಟು ಕೊಯ್ಯಬೇಕು. ತೀರಾ ಕೆಳಗೆ ಅಥವಾ ತೀರಾ ಬೇಗ ಬೇಗ ಕೊಯ್ದರೆ ಬುಡದಲ್ಲಿನ ಆಹಾರ ಸಂಗ್ರಹ ಬರಿದಾಗಿ ಗುಂಪುಗಳು ಸಾಯುತ್ತವೆ.

ಈ ಭಾಗದಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿಯೇ ಮಳೆ ಹೆಚ್ಚು. ಬೇಗ ನಾಟಿ ಮಾಡಿದ ಬೆಳೆಯ ಮೊದಲ ಕಟಾವೂ ಇದೇ ವೇಳೆಗೆ ಬರಬಹುದು. ಮೋಡ ಮುಸುಕಿ ಮಳೆ ಹಿಡಿದ ದಿನಗಳಲ್ಲಿ ಕೊಯ್ದರೆ ಎಣ್ಣೆಯ ಅಂಶ ಕಡಿಮೆ. ಒದ್ದೆ ಹುಲ್ಲನ್ನು ರಾಶಿ ಹಾಕಿದರೆ ಬಿಸಿಯೇರಿ ಕೊಳೆಯುತ್ತದೆ. ಆದ್ದರಿಂದ ಕೆಲವು ದಿನ ಬಿಸಿಲು ಬಿದ್ದು, ಎಲೆಯ ಮೇಲಿನ ಇಬ್ಬನಿ ಆರಿದ ನಂತರ ಕಟಾವು ಮಾಡುವುದು ಸೂಕ್ತ. ಕೊಯ್ದ ಹುಲ್ಲನ್ನು ನೆರಳಿನಲ್ಲಿ ತೆಳುವಾಗಿ ಹರಡಿ ಒಂದು ದಿನದವರೆಗೆ ಬಾಡಿಸಬಹುದು. ಇದರಿಂದ ಭಟ್ಟಿಯಲ್ಲಿ ಹೆಚ್ಚು ಹುಲ್ಲು ಹಿಡಿಯುತ್ತದೆ, ಸೌದೆಯೂ ಉಳಿಯುತ್ತದೆ.

ಈ ಎಣ್ಣೆಯ ಮುಖ್ಯ ಅಂಶ ಸಿಟ್ರಾಲ್. ಉತ್ತಮ ಎಣ್ಣೆಯಲ್ಲಿ ಇದು ಶೇಕಡ 75ಕ್ಕಿಂತ ಹೆಚ್ಚಿರುತ್ತದೆ. ಕೊಳ್ಳುವವರು ಬೆಲೆ ಕಟ್ಟುವಾಗ ಇದನ್ನೇ ಗಮನಿಸುತ್ತಾರೆ.

ಪಾಮರೋಸಾದ ರೀತಿಯೇ ಬೇರೆ

ಪಾಮರೋಸಾಕ್ಕೆ ದಿನಗಳ ಲೆಕ್ಕಕ್ಕಿಂತ ಹೂವಿನ ಲೆಕ್ಕ ಮುಖ್ಯ. ಇದರಲ್ಲಿ ಎಣ್ಣೆಯ ಬಹುಭಾಗ ಹೂಗೊಂಚಲಿನಲ್ಲಿದೆ. ಎಲೆಯಲ್ಲಿ ಅದಕ್ಕಿಂತ ಕಡಿಮೆ, ದಂಟಿನಲ್ಲಿ ಅತ್ಯಲ್ಪ. ಹೂ ಬರುವ ಮುನ್ನ ಕೊಯ್ದರೆ ಎಣ್ಣೆ ಹೊಲದಲ್ಲೇ ಉಳಿದಂತೆ. ಹೂ ಪೂರ್ಣವಾಗಿ ಅರಳಿದ 7-10 ದಿನಗಳಲ್ಲಿ ಕಟಾವು ಮಾಡಬೇಕು. ಈ ಹಂತಕ್ಕೆ ಜೆರಾನಿಯಲ್ ಎಂಬ ಮುಖ್ಯ ಅಂಶವೂ ಏರಿರುತ್ತದೆ. ಬೀಜ ಬಲಿತು ಉದುರತೊಡಗಿದರೆ ಎಣ್ಣೆ ಇಳಿಯುತ್ತದೆ. ಉದುರಿದ ಬೀಜ ಮೊಳೆತು ಮುಂದೆ ಕಳೆಯಾಗಿಯೂ ಕಾಡುತ್ತದೆ.

ಭಟ್ಟಿಯ ಸರದಿ

ಒಂದೇ ಭಟ್ಟಿಯನ್ನು ಹಲವರು ಬಳಸುವ ಕಡೆ ಎಲ್ಲರ ಹುಲ್ಲೂ ಒಮ್ಮೆಗೇ ಕಟಾವಿಗೆ ಬಂದು ಕೆಲವರು ಕಾಯಬೇಕಾಗುತ್ತದೆ. ಹದವಾಗಿದ್ದ ಬೆಳೆ ಸರದಿ ಬರುವಷ್ಟರಲ್ಲಿ ಬಲಿತಿರುತ್ತದೆ. ವರ್ಷದ ಶ್ರಮ ಹೀಗೆ ಕಾಯುವುದರಲ್ಲಿಯೇ ಕರಗಬಾರದು. ಇದಕ್ಕೆ ಪರಿಹಾರ ನಾಟಿಯಲ್ಲಿದೆ. ಹೊಲವನ್ನು ಮೂರು ತಾಕುಗಳಾಗಿ ಮಾಡಿ ಎರಡು-ಮೂರು ವಾರಗಳ ಅಂತರದಲ್ಲಿ ನಾಟಿ ಮಾಡಬೇಕು. ನೆರೆಹೊರೆಯವರು ಮೊದಲೇ ಕುಳಿತು ಸರದಿ ಗೊತ್ತುಮಾಡಿಕೊಳ್ಳಬೇಕು. ಭಟ್ಟಿಯ ಸೌಲಭ್ಯ ಖಚಿತವಾಗದೆ ಈ ಬೆಳೆಗೆ ಕೈಹಾಕುವುದು ಜಾಣತನವಲ್ಲ.

ಸ್ವಂತ ಪರೀಕ್ಷೆ

ಮಣ್ಣು, ತಳಿ, ನೀರು ಬದಲಾದಂತೆ ಸೂಕ್ತ ದಿನವೂ ಕೊಂಚ ಬದಲಾಗುತ್ತದೆ. ಒಂದೇ ಹೊಲದಲ್ಲಿ ಕೆಲವು ಸಾಲುಗಳನ್ನು ಗುರುತಿಸಿ 60, 75, 90 ಮತ್ತು 105ನೆಯ ದಿನ ಕೊಯ್ದು, ಹುಲ್ಲಿನ ತೂಕ ಮತ್ತು ದೊರೆತ ಎಣ್ಣೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿ ಸಲ ಒಂದೇ ತೂಕದ ಹುಲ್ಲನ್ನು ಅಷ್ಟೇ ಹೊತ್ತು ಬಟ್ಟಿ ಇಳಿಸಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ. ತಳಿ ಮತ್ತು ಎಣ್ಣೆಯ ಗುಣಮಟ್ಟದ ಬಗ್ಗೆ ಬೆಂಗಳೂರಿನಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಸಂಶೋಧನಾ ಕೇಂದ್ರವನ್ನು, ಬೇಸಾಯದ ಬಗ್ಗೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ನೆನಪಿಡಬೇಕಾದ ಅಂಶಗಳು

1. ನಿಂಬೆಹುಲ್ಲನ್ನು ಎಲೆ ಹಸಿರಾಗಿರುವಾಗ, ಪಾಮರೋಸಾವನ್ನು ಹೂ ಅರಳಿದಾಗ ಕೊಯ್ಯಿರಿ.
2. ಮಳೆಯಲ್ಲಿ ಕೊಯ್ಯಬೇಡಿ, ಹಸಿ ಹುಲ್ಲನ್ನು ರಾಶಿ ಹಾಕಬೇಡಿ.
3. ಕಟಾವಿಗೆ ಮುನ್ನ ಭಟ್ಟಿಯ ದಿನವನ್ನು ಗೊತ್ತುಮಾಡಿಕೊಳ್ಳಿ.
4. ನೀರಿನಂಶ ತೆಗೆದ ಎಣ್ಣೆಯನ್ನು ಒಣಗಿದ ಗಾಜಿನ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಾಯಿವರೆಗೆ ತುಂಬಿ, ಬೆಳಕು ತಾಗದಂತೆ ಇಡಿ.