ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಡೀಸೆಲ್: ಟರ್ಬೊಗಿಂತ ಮೊದಲು ಆಯಿಲ್ ನೋಡೋಣ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿ ಹೋದರೂ ಒಂದು ಹಳೇ ಸ್ವಿಫ್ಟ್ ಡೀಸೆಲ್ ಕಣ್ಣಿಗೆ ಬೀಳುತ್ತೆ. 2007ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಈ ಕಾರಿನ 1248 ಸಿಸಿ ಎಂಜಿನ್ ಮೂಲತಃ ಫಿಯಟ್‌ನ ಮಲ್ಟಿಜೆಟ್. ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊಗಳಲ್ಲೂ ಇದೇ ಎಂಜಿನ್ ಇತ್ತು. ಬಿಎಸ್-6 ನಿಯಮ ಬಂದ 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಹಾಗಾಗಿ ಈಗ ಸಿಗೋದು ಸೆಕೆಂಡ್ ಹ್ಯಾಂಡ್ ಮಾತ್ರ. "ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಬಂದು ಗಾಡಿ ನೋಡು" ಅಂತ ಮನೆಯವರು ಕರೆದರೆ ನಾವು ಏನು ನೋಡಬೇಕು?

ಬೆಟ್ಟದಲ್ಲಿ ಟರ್ಬೊ ಕೆಲಸ

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 88 ಕಿಲೋಪ್ಯಾಸ್ಕಲ್, ಮಂಗಳೂರಿನಲ್ಲಿ 101ರ ಹತ್ತಿರ. ಟರ್ಬೊ ಇಲ್ಲದ ಎಂಜಿನ್‌ಗೆ ಇಲ್ಲಿ ಸುಮಾರು ಶೇ 10ರಷ್ಟು ಗಾಳಿ ಕಡಿಮೆ ಸಿಗುತ್ತೆ. ಟರ್ಬೊದಲ್ಲಿ ಎಕ್ಸಾಸ್ಟ್ ಗ್ಯಾಸ್ ಟರ್ಬೈನನ್ನು ತಿರುಗಿಸುತ್ತೆ, ಅದೇ ಶಾಫ್ಟ್‌ನ ಇನ್ನೊಂದು ತುದಿಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಎಂಜಿನ್‌ಗೆ ಕಳಿಸುತ್ತೆ. ಎತ್ತರ ಹೆಚ್ಚಿದಷ್ಟೂ ಅದೇ ಒತ್ತಡ ಕೊಡೋಕೆ ಅದು ಇನ್ನೂ ಜೋರಾಗಿ ತಿರುಗಬೇಕು.

ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಅದನ್ನು ಹಿಡಿದಿರೋದು ಬಾಲ್ ಬೇರಿಂಗ್ ಅಲ್ಲ, ಆಯಿಲ್‌ನ ತೆಳು ಪದರ. ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತೆ. ಟರ್ಬೊ ತಾನಾಗಿ ಸಾಯೋದು ಅಪರೂಪ, ಆಯಿಲ್ ಕೆಟ್ಟು ಸಾಯೋದೇ ಜಾಸ್ತಿ.

ಕಿಲೋಮೀಟರ್ ಕಡಿಮೆ ಅಂತ ನಂಬಬೇಡಿ

ಈ ಕಾರಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕು. ನಮ್ಮ ಕಡೆ ಎಷ್ಟೋ ಗಾಡಿ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಅಷ್ಟೇ ಓಡೋದು. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಆಗಿರುತ್ತೆ. "ಇನ್ನೂ ಹತ್ತು ಸಾವಿರ ಆಗಿಲ್ಲ" ಅಂತ ಎರಡು ವರ್ಷ ಅದೇ ಆಯಿಲ್! ಸಣ್ಣ ಓಟದಲ್ಲಿ ಎಂಜಿನ್ ಪೂರ್ತಿ ಬಿಸಿ ಆಗಲ್ಲ. ಮಳೆಗಾಲದ ತೇವ ಆಯಿಲ್‌ನಲ್ಲೇ ಉಳಿಯುತ್ತೆ, ಮಸಿ ಸೇರಿ ಕೆಸರಾಗುತ್ತೆ. ಟರ್ಬೊಗೆ ಹೋಗೋ ಸಣ್ಣ ಆಯಿಲ್ ಪೈಪ್ ಕಟ್ಟಿಕೊಳ್ಳುತ್ತೆ. ಆ ಪೈಪ್ ಕ್ಲೀನ್ ಮಾಡದೆ ಹೊಸ ಟರ್ಬೊ ಹಾಕಿದರೆ ಅದೂ ಸುಡುತ್ತೆ, ದುಡ್ಡು ಎರಡು ಸಲ ಹೋಗುತ್ತೆ.

ಟೈಮಿಂಗ್ ಚೈನ್ ಕಥೆಯೂ ಇದೇ. ಚೈನನ್ನು ಬಿಗಿಯಾಗಿ ಹಿಡಿಯೋ ಟೆನ್ಷನರ್ ಆಯಿಲ್ ಪ್ರೆಶರ್‌ನಿಂದಲೇ ಕೆಲಸ ಮಾಡೋದು. ಆಯಿಲ್ ಹಾಳಾದರೆ ಚೈನ್ ಸವೆದು ಸಡಿಲ ಆಗುತ್ತೆ. ಹಲ್ಲು ಜಿಗಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತೆ.

ನೋಡುವ ಕ್ರಮ

1. ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿ. ಸ್ಟಾರ್ಟ್ ಆದ ಕೂಡಲೇ ಚೈನ್ ಕಡೆಯಿಂದ ಕೆಲವು ಸೆಕೆಂಡ್ ಗಲಗಲ ಸದ್ದು ಬಂದರೆ ಅನುಮಾನ ಪಡಿ.

2. ಸರ್ವೀಸ್ ಬಿಲ್ ಕೇಳಿ. ಕಿಲೋಮೀಟರ್ ಜೊತೆ ತಾರೀಖನ್ನೂ ನೋಡಿ.

3. ಹೊಗೆ ನೋಡಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಏರಿನಲ್ಲಿ ಕಪ್ಪು ಹೊಗೆ, ಜೊತೆಗೆ ಪಿಕಪ್ ಇಲ್ಲ, ಬುಸ್ ಅನ್ನೋ ಸದ್ದು ಇದ್ದರೆ ಇಂಟರ್‌ಕೂಲರ್ ಹೋಸ್ ಹರಿದಿರಬಹುದು. ಇದು ಟರ್ಬೊ ಬದಲಿಸುವಷ್ಟು ದೊಡ್ಡ ಕೆಲಸ ಅಲ್ಲ. ಚಳಿಗಾಲದ ಬೆಳಿಗ್ಗೆ ಬರೋ ಬಿಳಿ ಆವಿ ಮಾಮೂಲಿ, ಬಿಸಿಯಾದ ಮೇಲೂ ಬರ್ತಾ ಇದ್ದರೆ ವಿಚಾರಿಸಿ.

4. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಮೆಕ್ಯಾನಿಕ್ ಹತ್ತಿರ ಟರ್ಬೊ ಮುಂದಿನ ಹೋಸ್ ಬಿಚ್ಚಿಸಿ, ಶಾಫ್ಟ್ ಅಲ್ಲಾಡಿಸಿ. ಅಕ್ಕಪಕ್ಕ ಸ್ವಲ್ಪ ಆಡೋದು ಸಹಜ, ಆಯಿಲ್ ಪದರಕ್ಕೆ ಜಾಗ ಬೇಕಲ್ಲ. ಹಿಂದೆಮುಂದೆ ಆಡಿದರೆ, ಅಥವಾ ಬ್ಲೇಡ್ ಗೋಡೆಗೆ ತಾಗಿದರೆ ಬೇಡ. ಹೋಸ್ ಒಳಗೆ ತೆಳು ಎಣ್ಣೆ ಪಸೆ ಇರುತ್ತೆ, ಆದರೆ ನಿಂತ ಆಯಿಲ್ ಇರಬಾರದು.

5. ಟೆಸ್ಟ್ ಡ್ರೈವ್ ಏರಿನಲ್ಲೇ ಮಾಡಿ. ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ಗೊತ್ತಾಗದ ತೊಂದರೆ ಸಂಪಾಜೆ ಘಾಟಿಯಲ್ಲಿ ಗೊತ್ತಾಗುತ್ತೆ. 190 ನ್ಯೂಟನ್ ಮೀಟರ್ ಟಾರ್ಕ್ ಸಿಗೋದು 2,000 ಆರ್‌ಪಿಎಂ ಹತ್ತಿರ. ಅದಕ್ಕಿಂತ ಕೆಳಗೆ ಸ್ವಲ್ಪ ಎಳೆಯದಿದ್ದರೆ ಅದು ದೋಷ ಅಲ್ಲ, ಟರ್ಬೊ ಲ್ಯಾಗ್.

ಘಾಟಿಯಲ್ಲಿ ಜೀವದ ಪ್ರಶ್ನೆ

ಟರ್ಬೊ ಸೀಲ್ ಪೂರ್ತಿ ಹೋದರೆ ಎಂಜಿನ್ ಆಯಿಲ್ ಇನ್‌ಟೇಕ್‌ಗೆ ನುಗ್ಗಿ ಡೀಸೆಲ್ ಥರ ಉರಿಯುತ್ತೆ. ಇದಕ್ಕೆ ರನ್ಅವೇ ಅಂತಾರೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಏರುತ್ತೆ, ಕೀ ತೆಗೆದರೂ ಎಂಜಿನ್ ನಿಲ್ಲಲ್ಲ. ಅಪರೂಪ, ಆದರೆ ಆದರೆ ಕ್ಲಚ್ ಒತ್ತಿ ಹಾಗೇ ಕೂರಬೇಡಿ, ಲೋಡ್ ಇಲ್ಲದ ಎಂಜಿನ್ ಇನ್ನೂ ಓಡುತ್ತೆ. ಗಾಡಿ ಬದಿಗೆ ನಿಲ್ಲಿಸಿ, ಬ್ರೇಕ್ ಬಲವಾಗಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ. ಎಂಜಿನ್ ಉಸಿರುಕಟ್ಟಿ ನಿಲ್ಲುತ್ತೆ. ಆಗದಿದ್ದರೆ ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ ಎತ್ತಿ ಬಗ್ಗಿ ನೋಡಬೇಡಿ.

ತಗೊಂಡ ಮೇಲೆ

ಮೊದಲ ದಿನವೇ ಸರಿಯಾದ ಗ್ರೇಡಿನ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಸ್ಟಾರ್ಟ್ ಆದ ತಕ್ಷಣ ರೇಸ್ ಮಾಡಬೇಡಿ, ಆಯಿಲ್ ಟರ್ಬೊವರೆಗೆ ತಲುಪಲಿ. ಘಾಟಿ ಹತ್ತಿ ಕಾಫಿಗೆ ನಿಲ್ಲಿಸಿದಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲದಿದ್ದರೆ ಬಿಸಿ ಟರ್ಬೊ ಒಳಗೆ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತೆ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತೆಗೆದು ನೋಡಿ. ಎರಡು ನಿಮಿಷದ ಕೆಲಸ, ಹಾಸ್ಟೆಲಿಂದ ಊರಿಗೆ ಹೋದಾಗ ನಾವೇ ಮಾಡಬಹುದು.